ಮಟಿಲ್ಡಾ ಗರ್ವಿಷ್ಠೆಯಾಗಿದ್ದಳೆ?

ಇಂಗ್ಲೆಂಡಿನ ಚರಿತ್ರೆಯನ್ನು ಪರೀಕ್ಷೆಗೋಸ್ಕರ ಓದಿದವರ ಪಾಲಿಗೆ ಸ್ಟೀಫನ್ ದೊರೆಯ ಕಾಲವೆಂಬುದು ಒಂದು ಪುಟದ ಪಾಠ. 1135ರಲ್ಲಿ ಮೊದಲನೆಯ ಹೆನ್ರಿ ತೀರಿಕೊಂಡನು. ಆತನ ಮಗಳು ಮಟಿಲ್ಡಾ ಒಂದು ಕಡೆ, ಸೋದರಿಯ ಮಗ ಸ್ಟೀಫನ್ ಇನ್ನೊಂದು ಕಡೆ ನಿಂತು ಸಿಂಹಾಸನಕ್ಕಾಗಿ ಕಾದಾಡಿದರು. ಮಟಿಲ್ಡಾ ಗರ್ವಿಷ್ಠೆಯಾಗಿದ್ದುದರಿಂದ ಕೈಗೆ ಬಂದ ರಾಜ್ಯವನ್ನು ಕಳೆದುಕೊಂಡಳು. 1154ರಲ್ಲಿ ಅವಳ ಮಗ ಎರಡನೆಯ ಹೆನ್ರಿ ಪಟ್ಟವೇರಿದನು. ಮುಂದಿನ ಪುಟದಲ್ಲಿ ಬೆಕೆಟ್ ಬರುತ್ತಾನೆ, ವಿದ್ಯಾರ್ಥಿಯ ಲಕ್ಷ್ಯವೆಲ್ಲ ಅತ್ತ ಹರಿಯುತ್ತದೆ.

ನನ್ನ ತಕರಾರು ಆ ಪುಟದ ನಡುವಿನ ಒಂದು ಮಾತಿನ ಮೇಲೆ. ಒಂದು ರಾಜ್ಯದ ಹಣೆಬರಹವನ್ನು ಒಬ್ಬ ಹೆಂಗಸಿನ ಗರ್ವದಿಂದ ವಿವರಿಸುವುದು ಸುಲಭ. ಸುಲಭವಾದುದರಿಂದಲೇ ಅದನ್ನು ಸಂದೇಹದಿಂದ ನೋಡತಕ್ಕದ್ದು. ಆ ಮಾತನ್ನು ಮೊದಲು ಬರೆದಿಟ್ಟವರು ಯಾರು, ಯಾವ ಪಕ್ಷದಲ್ಲಿ ಕುಳಿತು ಬರೆದರು ಎಂಬುದನ್ನು ಕೇಳದೆ ನಾವು ಅದನ್ನು ತೀರ್ಪೆಂದು ಸ್ವೀಕರಿಸಿದ್ದೇವೆ.

ಮೊದಲು ಹಕ್ಕಿನ ವಿಚಾರವನ್ನೇ ನೋಡೋಣ. ಹಿರಿಯ ಮಗನಿಗೆ ಪಟ್ಟ ಎಂಬ ನಿಯಮ ಆಗಿನ ಇಂಗ್ಲೆಂಡಿನಲ್ಲಿ ನೆಲೆನಿಂತಿರಲಿಲ್ಲ. 1066ರಲ್ಲಿ ವಿಲಿಯಮನು ಕತ್ತಿಯ ಬಲದಿಂದ ಬಂದನು. 1087ರಲ್ಲಿ ಆತನು ತೀರಿಕೊಂಡಾಗ ಹಿರಿಯ ಮಗ ರಾಬರ್ಟನಿಗೆ ನಾರ್ಮಂಡಿ ಬಂತು, ಇಂಗ್ಲೆಂಡಿನ ಕಿರೀಟ ಮಾತ್ರ ತಮ್ಮನಾದ ವಿಲಿಯಂ ರೂಫಸನ ತಲೆಯೇರಿತು. 1100ರ ಆಗಸ್ಟ್ 2ರಂದು ರೂಫಸನು ಬೇಟೆಯಲ್ಲಿ ಬಾಣ ತಾಗಿ ಸತ್ತನು. ಕಿರಿಯವನಾದ ಹೆನ್ರಿ ಅಣ್ಣನ ಶವದ ಬಳಿ ಕುಳಿತು ಅಳಲಿಲ್ಲ. ನೇರವಾಗಿ ವಿಂಚೆಸ್ಟರಿನ ಭಂಡಾರವನ್ನು ವಶಪಡಿಸಿಕೊಂಡು, ಮೂರೇ ದಿನಗಳಲ್ಲಿ, ಅಂದರೆ ಆಗಸ್ಟ್ 5ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡನು. ಹಿರಿಯಣ್ಣ ರಾಬರ್ಟನು ಆಗಿನ್ನೂ ಧರ್ಮಯುದ್ಧದಿಂದ ಹಿಂದಿರುಗುವ ದಾರಿಯಲ್ಲಿದ್ದನು. ಆರು ವರ್ಷಗಳ ತರುವಾಯ ಆ ಅಣ್ಣನನ್ನೇ ಯುದ್ಧದಲ್ಲಿ ಹಿಡಿದು, ಆತನು 1134ರಲ್ಲಿ ಸಾಯುವ ತನಕ ಸೆರೆಯಲ್ಲಿಟ್ಟ ಮಹಾನುಭಾವನೂ ಈ ಹೆನ್ರಿಯೇ. ಭಂಡಾರ ಹಿಡಿದವನೇ ದೊರೆ ಎಂಬ ಪಾಠವನ್ನು ಸ್ಟೀಫನನು ಬೇರೆಲ್ಲಿಯೋ ಕಲಿಯಬೇಕಾಗಿರಲಿಲ್ಲ; ಸೋದರಮಾವನ ಮನೆಯಲ್ಲಿಯೇ ಕಲಿತನು.

ಹೆನ್ರಿಗೆ ಔರಸ ಪುತ್ರ ಒಬ್ಬನೇ. ವಿವಾಹದ ಹೊರಗೆ ಹುಟ್ಟಿದವರು ಇಪ್ಪತ್ತಕ್ಕೂ ಹೆಚ್ಚು, ಆದರೆ ಅವರಿಗೆ ಪಟ್ಟದ ಹಕ್ಕಿಲ್ಲ. ಆ ಒಬ್ಬನೇ ಮಗ ವಿಲಿಯಮನು 1120ರ ನವೆಂಬರ್ 25ರ ರಾತ್ರಿ ಬಾರ್ಫ್ಲೂರ್ ಬಂದರಿನಿಂದ 'ಶ್ವೇತನೌಕೆ' ಎಂಬ ಹಡಗನ್ನೇರಿದನು. ಅಂಬಿಗರೂ ಪ್ರಯಾಣಿಕರೂ ಕುಡಿದಿದ್ದರಂತೆ. ಹಡಗು ಬಂಡೆಗೆ ಬಡಿದು ಮುಳುಗಿ ಸುಮಾರು 300 ಜನ ಸತ್ತರು. ಬದುಕಿ ಉಳಿದವನು ರೂವೆನ್ ಊರಿನ ಒಬ್ಬ ಕಟುಕನೆಂದು ಆ ಕಾಲದ ಸನ್ಯಾಸಿ ಆರ್ಡೆರಿಕನು ಬರೆದಿದ್ದಾನೆ. ಅದೇ ಹಡಗನ್ನು ಹತ್ತಿದ್ದ ಸ್ಟೀಫನನು ಹೊಟ್ಟೆ ಕೆಟ್ಟು ಇಳಿದುಬಿಟ್ಟನೆಂಬುದೂ ಆರ್ಡೆರಿಕನ ಮಾತೇ. ಒಂದು ದಿನದ ಅತಿಸಾರ ಒಂದು ದೇಶದ ಚರಿತ್ರೆಯನ್ನು ತಿರುಗಿಸಿದ ನಿದರ್ಶನ ಇದಕ್ಕಿಂತ ಬೇರೆ ಬೇಕೆ!

ಮಟಿಲ್ಡಾಳಿಗೆ ಆಗ 18 ವರ್ಷ. ಎಂಟನೆಯ ವಯಸ್ಸಿಗೇ ಜರ್ಮನಿಗೆ ಹೋಗಿ, ಅಲ್ಲಿಯ ಚಕ್ರವರ್ತಿ ಐದನೆಯ ಹೆನ್ರಿಯ ಕೈಹಿಡಿದು, ಇಟಲಿಯಲ್ಲಿ ಗಂಡನ ಪರವಾಗಿ ಆಡಳಿತ ನೋಡಿಕೊಂಡ ಅನುಭವವೂ ಅವಳಿಗಿತ್ತು. 1125ರಲ್ಲಿ ವಿಧವೆಯಾಗಿ, ಮಕ್ಕಳಿಲ್ಲದೆ ತಂದೆಯ ಬಳಿಗೆ ಬಂದಳು. ತಂದೆ ಎರಡನೆಯ ಮದುವೆಯನ್ನೂ ಮಾಡಿಕೊಂಡು ನೋಡಿದ್ದನು, ಗಂಡು ಸಂತಾನವಾಗಲಿಲ್ಲ. ಕೊನೆಗೆ 1127ರ ಹೊಸ ವರ್ಷದ ಹೊತ್ತಿಗೆ ಬಿಷಪ್ಪರನ್ನೂ ಸರದಾರರನ್ನೂ ಸೇರಿಸಿ, ತನಗೆ ಗಂಡು ಮಗುವಾಗದೆ ಹೋದರೆ ಮಗಳನ್ನೇ ಒಡತಿಯೆಂದು ಒಪ್ಪತಕ್ಕದ್ದೆಂದು ಪ್ರಮಾಣ ಮಾಡಿಸಿದನು. ಪಾದ್ರಿಗಳಲ್ಲದವರ ಪೈಕಿ ಮೊದಲು ಸ್ಕಾಟ್ಲೆಂಡಿನ ದೊರೆ ಡೇವಿಡ್, ಮಟಿಲ್ಡಾಳ ಸೋದರಮಾವ, ಪ್ರಮಾಣ ಮಾಡಿದನು. ಅನಂತರದ ಸರದಿ ಯಾರದೆಂದು ಸ್ಟೀಫನನಿಗೂ ಹೆನ್ರಿಯ ಅನೌರಸ ಪುತ್ರನಾದ ಗ್ಲಾಸ್ಟರಿನ ರಾಬರ್ಟನಿಗೂ ಜಗಳವೇ ಆಯಿತೆಂದು ಮಾಮ್ಸ್‌ಬರಿಯ ವಿಲಿಯಂ ಬರೆದಿದ್ದಾನೆ. ಜಗಳದಲ್ಲಿ ಗೆದ್ದು ಮುಂದೆ ಬಂದು ಪ್ರಮಾಣ ಮಾಡಿದವನು ಸ್ಟೀಫನ್. 1131ರಲ್ಲಿ ಪ್ರಮಾಣ ಇನ್ನೊಮ್ಮೆ ನಡೆಯಿತು.

1135ರ ಡಿಸೆಂಬರ್ 1ರಂದು ಹೆನ್ರಿ ನಾರ್ಮಂಡಿಯಲ್ಲಿ ಕಣ್ಣು ಮುಚ್ಚಿದನು. ಸುದ್ದಿ ತಿಳಿದೊಡನೆ ಸ್ಟೀಫನನು ಬೂಲೋನಿನಿಂದ ಕಡಲು ದಾಟಿದನು. ಲಂಡನ್ನಿಗರು ಜಯಕಾರ ಹಾಕಿದರು. ವಿಂಚೆಸ್ಟರಿನ ಬಿಷಪ್ ಹೆನ್ರಿ ಆತನ ಒಡಹುಟ್ಟಿದ ತಮ್ಮ; ಭಂಡಾರದ ಬಾಗಿಲು ತೆರೆಯಿತು. ಡಿಸೆಂಬರ್ ಮುಗಿಯುವುದರೊಳಗಾಗಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನು ಕಿರೀಟ ಇಟ್ಟುಬಿಟ್ಟನು. ಸೋದರಮಾವನ ಶವ ಇನ್ನೂ ಮಣ್ಣಾಗಿರಲಿಲ್ಲ; ರೆಡಿಂಗಿನಲ್ಲಿ ಅದರ ಸಮಾಧಿಯಾದದ್ದು ಜನವರಿಯಲ್ಲಿ.

ಈ ಅವಸರಕ್ಕೆ ಆಮೇಲೆ ಕಾರಣಗಳನ್ನು ಹೊಂದಿಸಿದ ಬಗೆ ನೋಡತಕ್ಕದ್ದಾಗಿದೆ. 1139ರಲ್ಲಿ ರೋಮಿನಲ್ಲಿ ಪೋಪ್ ಎರಡನೆಯ ಇನ್ನೊಸೆಂಟನ ಮುಂದೆ ಮಟಿಲ್ಡಾಳ ಫಿರ್ಯಾದು ವಿಚಾರಣೆಗೆ ಬಂದಾಗ ಸ್ಟೀಫನನ ಪರ ವಾದಿಸಿದವನು ಆರ್ನಲ್ಫನೆಂಬ ಪಾದ್ರಿ. ಪ್ರಮಾಣವನ್ನು ಬಲವಂತದಿಂದ ಮಾಡಿಸಲಾಯಿತು ಎಂದನು. ಸಾಯುವಾಗ ಹೆನ್ರಿ ಮನಸ್ಸು ಬದಲಿಸಿದನು ಎಂದನು. ಅದಕ್ಕೆ ಸಾಕ್ಷಿ ಹ್ಯೂ ಬೈಗಾಡ್ ಎಂಬ ಸರದಾರನ ಆಣೆ. ಆ ಸರದಾರ ಮರಣಶಯ್ಯೆಯ ಬಳಿ ಇರಲೇ ಇಲ್ಲವೆಂದು ಮಟಿಲ್ಡಾಳ ಪರವಾಗಿ ಬಂದಿದ್ದ ಆಂಜೇ ಊರಿನ ಬಿಷಪ್ಪನು ಉತ್ತರ ಕೊಟ್ಟನು. ಎಲ್ಲಕ್ಕೂ ಮಿಗಿಲಾದ ವಾದವೆಂದರೆ, ಮಟಿಲ್ಡಾಳ ತಾಯಿ ಹಿಂದೆ ಸನ್ಯಾಸಿನಿಯರ ಮಠದಲ್ಲಿ ಬೆಳೆದವಳು, ಆದುದರಿಂದ ಆಕೆಯ ಮದುವೆಯೇ ಮದುವೆಯಲ್ಲ, ಮಗಳು ಔರಸಳೇ ಅಲ್ಲ ಎಂಬುದು. ಆಕೆ ದೀಕ್ಷೆ ಪಡೆದಿರಲಿಲ್ಲವೆಂದು 1100ರಲ್ಲಿಯೇ ಆರ್ಚ್‌ಬಿಷಪ್ ಆನ್ಸೆಲ್ಮನ ಮುಂದೆ ವಿಚಾರಣೆ ನಡೆದು ತೀರ್ಮಾನವಾಗಿತ್ತು. 39 ವರ್ಷ ಯಾರಿಗೂ ಕಾಣದ ದೋಷ ಸಿಂಹಾಸನದ ಆಸೆ ಹುಟ್ಟಿದ ಮೇಲೆ ಕಂಡಿತು. ಪೋಪನು ಮೊಕದ್ದಮೆಯನ್ನು ತೀರ್ಮಾನಿಸಲಿಲ್ಲ. 1136ರಲ್ಲಿ ತಾನು ಕೊಟ್ಟಿದ್ದ ಮನ್ನಣೆಯನ್ನು ಸ್ಟೀಫನನಿಗೇ ಉಳಿಸಿದನು.

ಬಲವಂತದ ಪ್ರಮಾಣ ಪ್ರಮಾಣವಲ್ಲ ಎಂಬುದನ್ನು ಒಪ್ಪೋಣ. ಆದರೆ ಈ ಸ್ಟೀಫನನಿಗೆ ನಾರ್ಮಂಡಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಜಹಗೀರು ಕೊಟ್ಟವನು, ಬೂಲೋನಿನ ಏಕಮಾತ್ರ ವಾರಸುದಾರಳನ್ನು ಮದುವೆ ಮಾಡಿಸಿದವನು ಅದೇ ಹೆನ್ರಿ. ಜಹಗೀರು ಇಟ್ಟುಕೊಂಡು ಪ್ರಮಾಣವನ್ನು ಮಾತ್ರ ಬಲವಂತದ್ದೆಂದು ಬಿಡುವುದು ಯಾವ ನ್ಯಾಯ? ರಕ್ತಸಂಬಂಧದ ಮಾತಿಗೆ ಬಂದರೂ ಅಷ್ಟೆ. ಸ್ಟೀಫನನಿಗೆ ಥಿಯೋಬಾಲ್ಡ್ ಎಂಬ ಅಣ್ಣನಿದ್ದನು. ನಾರ್ಮಂಡಿಯ ಸರದಾರರು ಆ ಅಣ್ಣನನ್ನೇ ಒಡೆಯನನ್ನಾಗಿ ಆರಿಸುತ್ತಿದ್ದಾಗ, ತಮ್ಮನು ಲಂಡನ್ನಿನಲ್ಲಿ ದೊರೆಯಾದ ಸುದ್ದಿ ಬಂತು. ಅಲ್ಲದೆ ಸ್ಟೀಫನನಿಗೆ ವಿಲಿಯಂ ದೊರೆಯ ರಕ್ತ ಬಂದದ್ದು ತಾಯಿ ಅಡೀಲಾಳ ಮೂಲಕ. ಹೆಣ್ಣಿಗೆ ಹಕ್ಕಿಲ್ಲವೆಂದರೆ ಸ್ಟೀಫನನಿಗೂ ಇಲ್ಲ. ಹೆಣ್ಣಿನ ಮೂಲಕ ಹಕ್ಕು ಬರುತ್ತದೆಂದರೆ ಸತ್ತ ದೊರೆಯ ಮಗಳು ಅವನಿಗಿಂತ ಹತ್ತಿರದವಳು. ಈ ಕತ್ತರಿಯಿಂದ ಅವನ ಪಕ್ಷದವರು ಹೇಗೆ ತಪ್ಪಿಸಿಕೊಳ್ಳುತ್ತಾರೋ ನನಗೆ ತಿಳಿಯದು.

ಹಾಗೆಂದು ಮಟಿಲ್ಡಾಳ ಕಡೆ ಕುಂದಿರಲಿಲ್ಲವೆಂದಲ್ಲ. 1128ರಲ್ಲಿ ತಂದೆ ಅವಳನ್ನು ಆಂಜೂವಿನ ಜೆಫ್ರಿಗೆ ಕೊಟ್ಟನು. ಚಕ್ರವರ್ತಿಯ ವಿಧವೆಗೆ 26 ವರ್ಷ, ವರನಿಗೆ ಇನ್ನೂ 15 ತುಂಬಿರಲಿಲ್ಲ. ನಾರ್ಮನ್ನರಿಗೆ ಆಂಜೂವಿನವರೆಂದರೆ ತಲೆತಲಾಂತರದ ಹಗೆ. ತಮ್ಮನ್ನು ಕೇಳದೆ ಅವಳನ್ನು ಹೊರದೇಶದವನಿಗೆ ಕೊಟ್ಟರೆ ಪ್ರಮಾಣ ಕಟ್ಟುವುದಿಲ್ಲವೆಂದು ಸಾಲ್ಸ್‌ಬರಿಯ ಬಿಷಪ್ ರೋಜರನು ಆಗಾಗ ಹೇಳುತ್ತಿದ್ದನಂತೆ. ಇದು ಉಳಿದ ವಾದಗಳಿಗಿಂತ ತೂಕವುಳ್ಳದ್ದು. ಮೇಲಾಗಿ ವರದಕ್ಷಿಣೆಯ ಕೋಟೆಗಳ ವಿಷಯವಾಗಿ ಮಗಳು ಅಳಿಯಂದಿರೊಡನೆ ಹೆನ್ರಿಗೆ 1135ರಲ್ಲಿ ವ್ಯಾಜ್ಯ ನಡೆಯುತ್ತಿತ್ತು. ಆತನು ಸತ್ತಾಗ ಮಟಿಲ್ಡಾ ಅವನ ಬಳಿ ಇರಲಿಲ್ಲ. ನಾರ್ಮಂಡಿಯ ಗಡಿಯ ಕೆಲವು ಕೋಟೆಗಳನ್ನು ಹಿಡಿಯುವಷ್ಟು ಚುರುಕಾಗಿ ನಡೆದಳು. ಆದರೆ ಇಂಗ್ಲೆಂಡಿನ ಭಂಡಾರ ಕಡಲಾಚೆ ಇತ್ತು. ಆಗ ಅವಳು ಗರ್ಭಿಣಿ. ಮೂರನೆಯ ಮಗ ಹುಟ್ಟಿದ್ದು 1136ರ ಜುಲೈಯಲ್ಲಿ.

1139ರ ಶರತ್ಕಾಲದಲ್ಲಿ ಅವಳು ಇಂಗ್ಲೆಂಡಿಗೆ ಬಂದಿಳಿದಳು. ರಾಬರ್ಟನು ಹಿಂದಿನ ವರ್ಷವೇ ಸ್ಟೀಫನನನ್ನು ಬಿಟ್ಟು ಅವಳ ಕಡೆ ಸೇರಿದ್ದನು. ಸಣ್ಣಪುಟ್ಟ ಕಾಳಗಗಳನ್ನು ಇಲ್ಲಿ ಹೇಳಬೇಕಾಗಿಲ್ಲ. 1141ರ ಫೆಬ್ರವರಿ 2ರಂದು ಲಿಂಕನ್ ಕದನದಲ್ಲಿ ಸ್ಟೀಫನನು ಕೊನೆಯ ತನಕ ತಾನೇ ಕಾದಾಡಿ ಸೆರೆ ಸಿಕ್ಕಿದನು. ಬ್ರಿಸ್ಟಲ್ ಕೋಟೆಯಲ್ಲಿ ಅವನನ್ನಿಟ್ಟರು. ಅವನ ತಮ್ಮನಾದ ಬಿಷಪ್ ಹೆನ್ರಿ, ಆಗ ಪೋಪನ ಪ್ರತಿನಿಧಿ, ಒಂದು ತಿಂಗಳಿನಲ್ಲಿ ಮಟಿಲ್ಡಾಳನ್ನು ವಿಂಚೆಸ್ಟರಿಗೆ ಬರಮಾಡಿಕೊಂಡನು. ಏಪ್ರಿಲ್‌ನಲ್ಲಿ ಧರ್ಮಸಭೆ ಅವಳನ್ನು 'ಇಂಗ್ಲಿಷರ ಒಡತಿ' ಎಂದು ಸಾರಿತು. ಪಟ್ಟಾಭಿಷೇಕ ಆಗುವ ತನಕ 'ರಾಣಿ' ಎನ್ನುವಂತಿಲ್ಲ. ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರಿಗೆ ಹೋಗಬೇಕು. ಅದಕ್ಕೆ ಲಂಡನ್ನಿನ ಬಾಗಿಲು ತೆರೆಯಬೇಕು. ಜೂನ್ ತಿಂಗಳಲ್ಲಿ ಅದೂ ತೆರೆಯಿತು.

ಪಾಠದ ಪುಸ್ತಕ ಕಾಯುತ್ತಿರುವ ಗಳಿಗೆ ಇದೇ. ಲಂಡನ್ನಿಗರಿಂದ ಅವಳು ದೊಡ್ಡ ಮೊತ್ತದ ಹಣ ಕೇಳಿದಳು. ಯುದ್ಧದಿಂದ ಬಡವಾಗಿದ್ದೇವೆ, ಮನ್ನಿಸಬೇಕು ಎಂದು ಅವರು ಬೇಡಿದರು. ಸ್ಟೀಫನನಿಗೆ ಕೊಡುವಾಗ ಹಣ ಎಲ್ಲಿಂದ ಬಂದಿತ್ತೆಂದು ಅವಳು ಸಿಟ್ಟಾದಳು. ನಿಮ್ಮ ತಂದೆಯ ಕಾನೂನು ಕಠಿನ, ಹಳೆಯ ಎಡ್ವರ್ಡ್ ದೊರೆಯ ಕಾನೂನನ್ನು ಕೊಡಬೇಕೆಂದು ಕೇಳಿದ್ದಕ್ಕೂ ಒಪ್ಪಲಿಲ್ಲ. ಸೆರೆಯಲ್ಲಿದ್ದ ಸ್ಟೀಫನನ ಮಗನಿಗೆ ತಂದೆಯ ಸ್ವಂತ ಆಸ್ತಿಯನ್ನಾದರೂ ಬಿಡಬೇಕೆಂದು ಬಿಷಪ್ ಹೆನ್ರಿ ಕೇಳಿದಾಗಲೂ ನಿರಾಕರಿಸಿದಳು. ಜೂನ್ 24ರಂದು ಅವಳು ಊಟಕ್ಕೆ ಅಣಿಯಾಗುತ್ತಿದ್ದಾಗ ನಗರದ ಗಂಟೆಗಳೆಲ್ಲ ಮೊಳಗಿದವು. ಜನ ಆಯುಧ ಹಿಡಿದು ಬಂದರು. ಎಲೆಯ ಮುಂದಿನಿಂದ ಎದ್ದು, ಕುದುರೆಯೇರಿ ಆಕ್ಸ್‌ಫರ್ಡಿನ ಕಡೆ ಓಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತು ಅವಳ ಪಾಲಿಗೆ ಅಕ್ಷರಶಃ ನಿಜವಾಯಿತು.

ಹಣ ಕೇಳಿದ್ದು ಅವಿವೇಕವೆಂದು ನಾನೂ ಒಪ್ಪುತ್ತೇನೆ. ಕಿರೀಟ ತಲೆಗೇರುವ ತನಕ ಸುಮ್ಮನಿದ್ದು ಆಮೇಲೆ ಕೇಳಬಹುದಾಗಿತ್ತು. ಆಸ್ತಿಯ ವಿಷಯದಲ್ಲಿ ಬಿಷಪ್ಪನನ್ನು ಕಳೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಇದಕ್ಕೆಲ್ಲ 'ಗರ್ವ' ಎಂದು ಹೆಸರಿಡುವ ಮೊದಲು ತೇಮ್ಸ್ ನದಿಯ ಆಚೆಯ ದಡವನ್ನು ಸ್ವಲ್ಪ ನೋಡಬೇಕು. ಅಲ್ಲಿ ಸ್ಟೀಫನನ ಹೆಂಡತಿ, ಇನ್ನೊಬ್ಬ ಮಟಿಲ್ಡಾ, ಸೈನ್ಯದೊಡನೆ ಬಂದು ಲಂಡನ್ನಿನ ಎದುರಿನ ಹಳ್ಳಿಗಳನ್ನು ಸುಡಿಸುತ್ತಿದ್ದಳು. ವರ್ತಕರಿಗೆ ಬೂಲೋನಿನೊಡನೆ ವ್ಯಾಪಾರ. ಬೂಲೋನು ಆಕೆಯ ತೌರಿನ ಆಸ್ತಿ. ಲಂಡನ್ನಿಗರು ಎದ್ದದ್ದು ಒಡತಿಯ ಹುಬ್ಬುಗಂಟಿಗೆ ಬೇಸತ್ತೋ, ಕಣ್ಣೆದುರಿನ ಬೆಂಕಿಗೆ ಹೆದರಿಯೋ? ಎರಡನೆಯದೇ ಹೆಚ್ಚು ಸಂಭವವೆಂದು ನನ್ನ ಮತ.

ಈ ಸನ್ನಿವೇಶವನ್ನು ವಿಸ್ತಾರವಾಗಿ ಬಣ್ಣಿಸಿದ ಗ್ರಂಥದ ಹೆಸರೇ 'ಗೆಸ್ಟಾ ಸ್ಟೆಫಾನಿ', ಎಂದರೆ ಸ್ಟೀಫನನ ಚರಿತ್ರೆ. ಅದನ್ನು ಬರೆದವನು ಸ್ಟೀಫನನ ಕಡೆಯವನು. ಸ್ಕಾಟ್ಲೆಂಡಿನ ದೊರೆಯೂ ಬಿಷಪ್ಪನೂ ಅಣ್ಣ ರಾಬರ್ಟನೂ ಮುಂದೆ ಬಂದು ಮಂಡಿಯೂರಿದಾಗ ಅವಳು ಎದ್ದು ನಿಲ್ಲಲಿಲ್ಲ, ಅವರ ಸಲಹೆಯಂತೆ ನಡೆಯಲಿಲ್ಲ, ಹೆಣ್ಣಿಗೆ ತಕ್ಕ ಮೃದುತ್ವ ಅವಳಲ್ಲಿರಲಿಲ್ಲ ಎಂಬುದು ಅವನ ದೂರು. ಅದೇ ಗ್ರಂಥಕಾರನು ಸೈನ್ಯ ತಂದು ಹಳ್ಳಿ ಸುಡಿಸಿದ ಇನ್ನೊಬ್ಬ ಮಟಿಲ್ಡಾಳನ್ನು ಗಂಡಸಿನಂಥ ಸ್ಥೈರ್ಯವುಳ್ಳವಳೆಂದು ಹೊಗಳುತ್ತಾನೆ! ಒಬ್ಬಳಿಗೆ ಗಂಡುತನ ಭೂಷಣ, ಇನ್ನೊಬ್ಬಳಿಗೆ ದೂಷಣ. ಹೊಗಳಿಸಿಕೊಂಡವಳು ಗಂಡನಿಗಾಗಿ, ಮಗನಿಗಾಗಿ ಹೋರಾಡಿದಳು. ದೂರಿಸಿಕೊಂಡವಳು ತನಗಾಗಿ ಕೇಳಿದಳು. ಇದಕ್ಕಿಂತ ಬೇರೆ ವ್ಯತ್ಯಾಸ ನನಗೆ ತೋರುವುದಿಲ್ಲ.

ಅವಳ ತಂದೆಯ ಮಾತನ್ನೇ ತೆಗೆದುಕೊಳ್ಳಿ. ಕೆಟ್ಟ ನಾಣ್ಯ ಅಚ್ಚುಹಾಕಿದರೆಂದು 1124ರ ಕ್ರಿಸ್‌ಮಸ್ಸಿಗೆ ಟಂಕಸಾಲೆಯವರನ್ನು ಕರೆಸಿ ಅವರ ಬಲಗೈ ಕಡಿಸಿದ ದೊರೆ ಅವನು. ತೆರಿಗೆಯಲ್ಲಿ ಕಾಸು ಬಿಟ್ಟವನಲ್ಲ. ಚರಿತ್ರಕಾರರು ಅವನಿಗೆ ಕೊಟ್ಟ ಬಿರುದು 'ನ್ಯಾಯದ ಸಿಂಹ'. ಸ್ಟೀಫನನಾದರೋ ಸ್ವಭಾವದಲ್ಲಿ ಒಳ್ಳೆಯವನು. 1147ರಲ್ಲಿ ಮಟಿಲ್ಡಾಳ 14 ವರ್ಷದ ಮಗ ಕೂಲಿ ಸೈನಿಕರನ್ನು ಕಟ್ಟಿಕೊಂಡು ದಂಡೆತ್ತಿ ಬಂದು, ಅವರಿಗೆ ಸಂಬಳ ಕೊಡಲಾರದೆ ತಾಯಿಯನ್ನು ಕೇಳಿ, ಅಲ್ಲಿಯೂ ಸಿಕ್ಕದೆ, ಕೊನೆಗೆ ವೈರಿಯಾದ ಸ್ಟೀಫನನನ್ನೇ ಕೇಳಿದನಂತೆ. ಅವನು ಹಣ ಕೊಟ್ಟು ಕಳುಹಿಸಿದನಂತೆ. ಹೃದಯವುಳ್ಳ ಮನುಷ್ಯ ಎನ್ನದೆ ವಿಧಿಯಿಲ್ಲ. ಆದರೆ ಆ ಒಳ್ಳೆಯತನದ ಅಡಿಯಲ್ಲಿ ಸರದಾರರು ಊರೂರಿಗೆ ಕೋಟೆ ಕಟ್ಟಿಕೊಂಡರು.

1141ರ ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನ ಬಳಿ ಮಟಿಲ್ಡಾಳ ಸೈನ್ಯ ಚದುರಿತು. ಅವಳನ್ನು ಪಾರುಮಾಡಲು ಹಿಂದೆ ನಿಂತ ರಾಬರ್ಟನು ಸೆರೆ ಸಿಕ್ಕಿದನು. ಅವನನ್ನು ಬಿಡಿಸಿಕೊಳ್ಳಲು ಸ್ಟೀಫನನನ್ನು ಬಿಟ್ಟುಕೊಡಬೇಕಾಯಿತು. ಗರ್ವಿಷ್ಠೆಯಾದವಳು ಅನೌರಸ ಅಣ್ಣನೊಬ್ಬನಿಗೋಸ್ಕರ ಕೈಸೆರೆಯ ದೊರೆಯನ್ನು ತೆತ್ತಳು. 1142ರ ಚಳಿಗಾಲದಲ್ಲಿ ಸ್ಟೀಫನನು ಆಕ್ಸ್‌ಫರ್ಡ್ ಕೋಟೆಯನ್ನು ಮುತ್ತಿದಾಗ ಕೆಲವೇ ಸಂಗಡಿಗರೊಡನೆ ಹಿಮದಲ್ಲಿ ರಾತ್ರೋರಾತ್ರಿ ಹೊರಬಿದ್ದು, ಹೆಪ್ಪುಗಟ್ಟಿದ ನದಿಯನ್ನು ದಾಟಿ ವಾಲಿಂಗ್‌ಫರ್ಡ್ ಸೇರಿದಳು. ಆಮೇಲೆ ಆರು ವರ್ಷ ಪಶ್ಚಿಮ ಭಾಗವನ್ನು ಹಿಡಿದುಕೊಂಡಿದ್ದು, 1147ರಲ್ಲಿ ರಾಬರ್ಟನು ತೀರಿಕೊಂಡ ಮೇಲೆ, 1148ರಲ್ಲಿ ನಾರ್ಮಂಡಿಗೆ ಹೊರಟುಹೋದಳು. ಗಂಡನು 1144ರಲ್ಲಿಯೇ ಆ ಸೀಮೆಯನ್ನು ಗೆದ್ದಿದ್ದನು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ದಾಯಾದಿಗಳ ಜಗಳಕ್ಕೂ ಸಲ್ಲುತ್ತದೆ. ಪೀಟರ್‌ಬರೋ ಮಠದ ಒಬ್ಬ ಸನ್ಯಾಸಿ ಆ ಕಾಲದ ಸಂಕಟಗಳನ್ನು ತನ್ನ ಇಂಗ್ಲಿಷಿನಲ್ಲಿಯೇ ಬರೆದಿಟ್ಟಿದ್ದಾನೆ: ಕೋಟೆ ಕಟ್ಟಲು ರೈತರಿಂದ ಬಿಟ್ಟಿ ದುಡಿಮೆ, ಹಳ್ಳಿಯ ಮೇಲೆ ಹಳ್ಳಿಗೆ ಕಾವಲಿನ ಹೆಸರಿನ ದಂಡ, ಹಣ ಬಚ್ಚಿಟ್ಟಿದ್ದಾರೆಂಬ ಗುಮಾನಿಯ ಮೇಲೆ ಹಿಡಿದು ತಂದವರಿಗೆ ಚಿತ್ರಹಿಂಸೆ, ಕೊಡಲು ಏನೂ ಉಳಿಯದಾಗ ಊರಿಗೆ ಬೆಂಕಿ. ದೇಶದ ಎಲ್ಲ ಭಾಗದಲ್ಲಿಯೂ ಹೀಗೆಯೇ ಇತ್ತೆಂದು ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಪೂರ್ವ ಭಾಗದ ಫೆನ್ ಸೀಮೆಯವನಾದ ಅವನು ತನ್ನ ಸುತ್ತ ಕಂಡದ್ದನ್ನು ಬರೆದನು. ಕಂಡಷ್ಟೇ ಸಾಕು. ಸ್ಟೀಫನನೂ ಮಟಿಲ್ಡಾಳೂ ಪತ್ರಗಳಲ್ಲಿ ತಮ್ಮ ಹಕ್ಕನ್ನು ಸ್ಥಾಪಿಸುತ್ತಿದ್ದಾಗ ಆ ರೈತನಿಗೆ ಇಬ್ಬರ ದಂಡೂ ಒಂದೇ.

ಸೋತ ಮೇಲೆ ಅವಳು ಕೂಡಲೆ ಹೊರಟುಹೋಗಿದ್ದರೆ ಈ ಸಂಕಟ ತಪ್ಪುತ್ತಿರಲಿಲ್ಲವೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ನನ್ನ ಹಕ್ಕು ದೊಡ್ಡದೋ, ಸುಟ್ಟ ಹಳ್ಳಿ ದೊಡ್ಡದೋ ಎಂದು 1142ರಲ್ಲಿ ಅವಳು ಯೋಚಿಸಿದಂತೆ ಕಾಣುವುದಿಲ್ಲ. ಇದನ್ನು ನಾನು ಅವಳ ಮೇಲಿನ ನಿಜವಾದ ಆರೋಪವೆಂದು ಎಣಿಸುತ್ತೇನೆ, ಎದ್ದು ನಿಲ್ಲಲಿಲ್ಲವೆಂಬುದನ್ನಲ್ಲ. ಆದರೆ ಈ ಪ್ರಶ್ನೆಯನ್ನು ಅವಳೊಬ್ಬಳಿಗೇ ಕೇಳುವುದೇತಕ್ಕೆ? 1135ರ ಡಿಸೆಂಬರಿನಲ್ಲಿ ಕಡಲು ದಾಟಿದವನಿಗೆ ಮೊದಲು ಕೇಳಬೇಕು. ಅವನಿಗೂ ಕೊನೆಗೆ ಅದರ ಬಿಸಿ ತಟ್ಟಿತು. ತನ್ನ ಮಗ ಯೂಸ್ಟೇಸನಿಗೆ ತಾನು ಬದುಕಿರುವಾಗಲೇ ಪಟ್ಟ ಕಟ್ಟಬೇಕೆಂದು 1152ರಲ್ಲಿ ಆರ್ಚ್‌ಬಿಷಪ್ ಥಿಯೋಬಾಲ್ಡನನ್ನು ಒತ್ತಾಯಿಸಿದಾಗ ಆತನು ಒಪ್ಪದೆ ದೇಶ ಬಿಟ್ಟು ಹೋದನು. ಪೋಪನ ಅಪ್ಪಣೆಯೂ ಹಾಗೆಯೇ ಇತ್ತು. ಸೋದರಮಾವನಿಗೆ ಕೊಟ್ಟ ಮಾತನ್ನು ಮುರಿದವನು ತನ್ನ ಮಗನಿಗಾಗಿ ಬೇರೆಯವರ ಮಾತನ್ನು ಬೇಡುವ ಸ್ಥಿತಿಗೆ ಬಂದಿದ್ದನು.

1153ರಲ್ಲಿ ಯೂಸ್ಟೇಸನು ಹಠಾತ್ತಾಗಿ ತೀರಿಕೊಂಡನು. ಅದೇ ವರ್ಷದ ಕೊನೆಗೆ ರಾಜಿಯಾಯಿತು. ಸ್ಟೀಫನನು ಬದುಕಿರುವ ತನಕ ದೊರೆ. ಆಮೇಲೆ ಮಟಿಲ್ಡಾಳ ಮಗ ಹೆನ್ರಿ. 1154ರ ಅಕ್ಟೋಬರಿನಲ್ಲಿ ಸ್ಟೀಫನನು ಸತ್ತು, ಡಿಸೆಂಬರ್ 19ರಂದು ಹೆನ್ರಿಗೆ ಪಟ್ಟವಾಯಿತು. ಮಗನಿಗೆ ಈ ಹಕ್ಕು ಬಂದದ್ದು ತಾಯಿಯ ಮೂಲಕ; ತಾಯಿ 52 ವರ್ಷದವಳು, ಬದುಕಿದ್ದಾಳೆ, ಗಟ್ಟಿಯಾಗಿದ್ದಾಳೆ. ಆದರೂ ರಾಜಿಯಲ್ಲಿ ಅವಳಿಗೆ ಕಿರೀಟವಿಲ್ಲ. ಅವಳ ಹಕ್ಕು ಸರಿಯೆಂದು ಒಪ್ಪಿದರು. ಅವಳು ಅದರ ಮೇಲೆ ಕುಳಿತುಕೊಳ್ಳುವುದನ್ನು ಒಪ್ಪಲಿಲ್ಲ. ಗರ್ವವೇ ಅಡ್ಡಿಯಾಗಿದ್ದರೆ, ಅಷ್ಟು ಹೊತ್ತಿಗೆ ಅದನ್ನು ಮರೆಯಲು 13 ವರ್ಷ ಸಾಕಾಗಬೇಕಿತ್ತು.

ಅವಳು ಮತ್ತೆ ಇಂಗ್ಲೆಂಡಿಗೆ ಬಂದು ಮಗನ ಪಕ್ಕದಲ್ಲಿ ಪೀಠ ಹಾಕಿಸಿಕೊಳ್ಳಲಿಲ್ಲ. ರೂವೆನ್ನಿನ ಬಳಿ ನೆಲೆಸಿ ನಾರ್ಮಂಡಿಯ ಆಡಳಿತದಲ್ಲಿ ಮಗನಿಗೆ ನೆರವಾದಳು. 1155ರಲ್ಲಿ ಅವನು ಐರ್ಲೆಂಡಿನ ಮೇಲೆ ದಂಡೆತ್ತಲು ಹೊರಟಾಗ ಬೇಡವೆಂದವಳು ಅವಳು. ಆ ದಂಡಯಾತ್ರೆ ನಿಂತಿತು. 1167ರ ಸೆಪ್ಟೆಂಬರ್ 10ರಂದು ತೀರಿಕೊಂಡಳು. ಅವಳ ಸಮಾಧಿಯ ಲೇಖ ಅವಳನ್ನು ತಂದೆಯಿಂದ, ಗಂಡನಿಂದ, ಮಗನಿಂದ ದೊಡ್ಡವಳಾದವಳೆಂದು ಹೊಗಳುತ್ತದೆ. ಬ್ರಿಸ್ಟಲ್, ಕಾರ್ಡಿಫ್, ಆಕ್ಸ್‌ಫರ್ಡ್, ವೇರ್‌ಹ್ಯಾಮ್ ಊರುಗಳಲ್ಲಿ ಅವಳ ಹೆಸರಿನಲ್ಲಿ ಅಚ್ಚಾದ ಬೆಳ್ಳಿಯ ನಾಣ್ಯಗಳ ಮಾತು ಅದರಲ್ಲಿಲ್ಲ.

ಅವಳ ತರುವಾಯ ತನ್ನ ಸ್ವಂತ ಹಕ್ಕಿನಿಂದ ಹೆಣ್ಣೊಬ್ಬಳು ಆ ಸಿಂಹಾಸನದಲ್ಲಿ ಕುಳಿತು ಪಟ್ಟಾಭಿಷೇಕ ಮಾಡಿಸಿಕೊಂಡದ್ದು 1553ರಲ್ಲಿ, ಮೇರಿ ಟ್ಯೂಡರಳ ಕಾಲಕ್ಕೆ. ತಮ್ಮನು ಇದ್ದರೆ ಅಕ್ಕನಿಗೆ ಪಟ್ಟವಿಲ್ಲವೆಂಬ ಪದ್ಧತಿಯನ್ನು ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯಿಂದ ತೆಗೆದುಹಾಕಿದ್ದು 2013ರಲ್ಲಿ. ಅದು ಜಾರಿಗೆ ಬಂದದ್ದು 2015ರಲ್ಲಿ. ಅದಕ್ಕೂ ಆ ರಾಜರನ್ನೇ ತಮ್ಮ ರಾಜರೆಂದು ಒಪ್ಪಿಕೊಂಡ ಇತರ ದೇಶಗಳ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಾಯಿತು.